ಹಠವಲ್ಲ, ಕೈಗೆ ದಾರಿ ಸಿಗುತ್ತಿಲ್ಲ

ಬೆಳಗಿನ ಆರು ಗಂಟೆ. ವೃದ್ಧರ ಆರೈಕೆ ಕೇಂದ್ರದ ಎರಡನೇ ಮಹಡಿಯ ಬಚ್ಚಲಲ್ಲಿ ಆಯಾ ದೊಡ್ಡಕ್ಕ ಬ್ರಷ್ಷಿಗೆ ಪೇಸ್ಟ್ ಹಚ್ಚಿ ಟೈಲರಮ್ಮನ ಕೈಗೆ ಕೊಡುತ್ತಾರೆ. ಎಪ್ಪತ್ತಮೂರರ ಟೈಲರಮ್ಮ ಅದನ್ನು ಹಿಂದೆಮುಂದೆ ತಿರುಗಿಸಿ ನೋಡಿ, ನೆತ್ತಿಗೊಯ್ದು ತಲೆ ಬಾಚತೊಡಗುತ್ತಾರೆ. ದೊಡ್ಡಕ್ಕ ನಗುವುದಿಲ್ಲ, ಗದರುವುದೂ ಇಲ್ಲ. ಕೂದಲಿಗೆ ಮೆತ್ತಿದ ಪೇಸ್ಟ್ ಒರೆಸಿ, ಆ ಕೈಯ ಕೆಳಗೆ ತಮ್ಮ ಕೈಯಿಟ್ಟು ಬಾಯಿಯ ಬಳಿ ತರುತ್ತಾರೆ. ಎರಡು ಸಲ ಜೊತೆಗೆ ಉಜ್ಜಿದ ಮೇಲೆ ಟೈಲರಮ್ಮನ ಕೈ ತಾನಾಗಿಯೇ ಉಜ್ಜುತ್ತದೆ.

ದೊಡ್ಡಕ್ಕನಿಗೆ ಐವತ್ತೆರಡು. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದವರು ಇಲ್ಲಿಗೆ ಬಂದು ಹನ್ನೊಂದು ವರ್ಷ. ಹದಿನಾರು ಜನರಿಗೆ ಇವರೊಬ್ಬರೇ. ಮಂಡಿ ಸವೆದಿದ್ದರೂ ಮೆಟ್ಟಿಲೇ ಗತಿ. ಲಿಫ್ಟ್ ಇರುವುದು ನೋಡಲು ಬರುವವರಿಗಂತೆ.

ಟೈಲರಮ್ಮನಿಗೆ ಆಲ್ಝೈಮರ್ ಕಾಯಿಲೆ. ಕಳೆದ ವರ್ಷ ಚಮಚವನ್ನು ತಲೆಕೆಳಗಾಗಿ ಹಿಡಿದು ಅನ್ನ ಚೆಲ್ಲುವುದು ಹೆಚ್ಚಾದಾಗ ಅವರ ಫೈಲಿನಲ್ಲಿ ‘ಸಹಕರಿಸುವುದಿಲ್ಲ, ಹಠ’ ಎಂದು ಬರೆಯಲಾಯಿತು. ದೊಡ್ಡಕ್ಕ ಒಂದು ದಿನ ರಜೆ ಹಾಕಿ ಬರುವಷ್ಟರಲ್ಲಿ ಕೇಂದ್ರದ ಮೇಲ್ವಿಚಾರಕಿ ಟೈಲರಮ್ಮನ ಎರಡೂ ಕೈಗಳನ್ನು ಕುರ್ಚಿಗೆ ಕಟ್ಟಿಸಿ ತುತ್ತು ತುರುಕಿಸುತ್ತಿದ್ದರು. ಅದಕ್ಕವರು ಇಟ್ಟ ಹೆಸರು ಸುರಕ್ಷತಾ ಕ್ರಮ. ಮಣಿಕಟ್ಟಿನಲ್ಲಿ ಕೆಂಪು ಬರೆ ಕಂಡ ದೊಡ್ಡಕ್ಕ ಕಟ್ಟಿದ್ದ ಬಟ್ಟೆಯನ್ನು ಬಿಚ್ಚಿ ಕಸದ ಬುಟ್ಟಿಗೆ ಎಸೆದರು.

“ಊರವರ ಬಟ್ಟೆಗೆಲ್ಲ ಗುಂಡಿ ಹೊಲಿದ ಕೈ ಮೇಡಂ ಇದು. ಕಟ್ಟೋಕೆ ಮನಸ್ಸಾದ್ರೂ ಹೇಗೆ ಬಂತು?”

ಸಂಜೆಯೊಳಗೆ ದೊಡ್ಡಕ್ಕನಿಗೆ ಶಿಸ್ತುಕ್ರಮದ ನೋಟಿಸ್ ಬಂತು.

ಆ ವಾರವೇ ಡಾಕ್ಟರ ಭೇಟಿ. ಕತ್ತರಿ ಹಿಡಿಯುವುದು ಹೇಗೆಂದು ಬರಿಗೈಯಲ್ಲೇ ತೋರಿಸಲು ಅವರು ಹೇಳಿದಾಗ ಟೈಲರಮ್ಮ ತಮ್ಮ ಬೆರಳುಗಳನ್ನೇ ನೋಡುತ್ತ ಕಣ್ಣು ತುಂಬಿಕೊಂಡರು. ಬೇಕಂತಲೇ ಹೀಗೆ ಮಾಡುತ್ತಾರೆಂದು ಮೇಲ್ವಿಚಾರಕಿ ಮೂಗು ಮುರಿದರು. ದೊಡ್ಡಕ್ಕ ಉಗ್ರಾಣದಿಂದ ಹಳೇ ಹಾಸಿಗೆ ಬಟ್ಟೆಯನ್ನೂ ಕತ್ತರಿಯನ್ನೂ ತಂದು ಎದುರಿಗಿಟ್ಟರು. ಟೈಲರಮ್ಮನ ಬೆರಳುಗಳು ಕತ್ತರಿಯೊಳಗೆ ಹೊಕ್ಕವು. ಬಟ್ಟೆಯನ್ನು ಈ ತುದಿಯಿಂದ ಆ ತುದಿಗೆ ನೆಟ್ಟಗೆ ಕತ್ತರಿಸುತ್ತ ಹೋದವು.

ಕೈಯಲ್ಲಿ ಬಲವಿದೆ, ಹೇಳಿದ್ದು ಅರ್ಥವೂ ಆಗುತ್ತದೆ, ಆದರೆ ಹೇಳಿದಂತೆ ಕೈ ಆಡಿಸುವುದನ್ನು ಕಾಯಿಲೆ ಕಿತ್ತುಕೊಂಡಿದೆ ಎಂದು ಡಾಕ್ಟರು ವಿವರಿಸಿದರು. ಬಳಸಿ ಪಳಗಿದ ವಸ್ತು ಕೈಗೆ ಸಿಕ್ಕರೆ ಕೆಲವೊಮ್ಮೆ ಹಳೆಯ ಚಲನೆ ಮರಳುತ್ತದಂತೆ. ‘ಹಠ’ ಎಂಬುದನ್ನು ಹೊಡೆದುಹಾಕಿ, ಇನ್ನು ಕಟ್ಟಕೂಡದೆಂದು ಬರೆದರು. ಒಳ್ಳೆಯದೇ. ಆದರೆ ಪ್ರತಿ ತಿಂಗಳೂ ಬರುವ ಈ ಮಹಾಶಯರಿಗೆ ಆಯಾ ಒಬ್ಬರು ಕಂಡದ್ದು ಕಾಣಲು ತಿಂಗಳುಗಳೇ ಬೇಕಾದವು. ದೊಡ್ಡಕ್ಕನ ನೋಟಿಸನ್ನು ಇಂದಿಗೂ ಯಾರೂ ಹಿಂಪಡೆದಿಲ್ಲ.

ಈಗ ಟೈಲರಮ್ಮನಿಗೆ ಕತ್ತರಿಯೂ ಒಗ್ಗುತ್ತಿಲ್ಲ. ಕಾಯಿಲೆ ನಿಲ್ಲುವಂಥದ್ದಲ್ಲ. ಕೈಹಿಡಿದು ಉಣಿಸಿದರೆ ಅವರೊಬ್ಬರಿಗೇ ನಲವತ್ತು ನಿಮಿಷ ಬೇಕು. ಹದಿನಾರು ಜನರ ಊಟಕ್ಕೆ ಕೇಂದ್ರ ಕೊಡುವುದು ಅರ್ಧ ಗಂಟೆ. ಈ ಲೆಕ್ಕ ಹಾಕಿದವರು ಒಂದು ದಿನವಾದರೂ ಇಲ್ಲಿ ಚಮಚ ಹಿಡಿದಿದ್ದಾರೆಯೇ?

ನಿಮಗೇನು ಬೇಕು ಎಂದು ಕೇಳಿದರೆ ದೊಡ್ಡಕ್ಕ ಟವೆಲ್ ಮಡಿಸುತ್ತಲೇ ಯೋಚಿಸುತ್ತಾರೆ.

“ಊಟದ ಹೊತ್ತಿಗೆ ಇನ್ನೊಬ್ರನ್ನ ಕೊಡ್ಲಿ. ಟೈಲರಮ್ಮ ತಾವಾಗೇ ಚಮಚ ಎತ್ತೋವರೆಗೂ ಕಾಯೋಕೆ ನನಗೆ ಬರುತ್ತೆ. ಕಾಯೋಕೆ ಬಿಡಬೇಕು, ಅಷ್ಟೇ.”