ಕಾಕಂಬಿ ಹಾಕದ ಊರು

ನಮ್ಮ ಮನೆತನದಲ್ಲಿ ಡಿಗ್ರಿ ಎಂಬುದು ಎಂದೂ ಆಗುವುದಿಲ್ಲ ಎಂದವನು ನನ್ನ ಸೋದರಮಾವ. ನಾನು ಪಿಯುಸಿ ಗಣಿತದಲ್ಲಿ ಎರಡನೇ ಸಲ ಫೇಲಾದ ದಿನ ಬೆಳಗಾವಿಯ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು, ಬಸಿಯಲ್ಲಿ ಚಹಾ ಆರಿಸಿಕೊಳ್ಳುತ್ತ, "ಉಸುಕಿನ್ಯಾಗ ದುಡಿಯಾವನ ಮಗಳು ಎಷ್ಟಂತ ಓದ್ತಾಳ? ಲಗ್ನಾ ಮಾಡಿ ಕೈ ತೊಳಕೋರಿ" ಎಂದಿದ್ದ. ಮೂರನೇ ಸಲ ಪಾಸಾದೆ. ಬಿ.ಇ. ಮುಗಿಸಿದೆ. ಬೆಂಗಳೂರಿನ ಕಂಪನಿಯೊಂದು ನನ್ನನ್ನು ಜಪಾನಿಗೆ ಕಳಿಸಿತು. ಇಲ್ಲಿ ಕೆಲಸ ಮಾಡುತ್ತಲೇ ಶನಿವಾರದ ತರಗತಿಗಳಿಗೆ ಹೋಗಿ, ಕೈಗಾರಿಕೆಗಳ ಚರಿತ್ರೆಯಲ್ಲಿ ಸ್ನಾತಕೋತ್ತರ ಪದವಿಯನ್ನೂ ಪಡೆದೆ. ಬೀಗಲು ನನಗೆ ಹಕ್ಕಿದೆ, ಬೀಗುತ್ತೇನೆ. ಆದರೆ ಈಗ ಬರೆಯುತ್ತಿರುವುದು ಆ ಪದವಿಗಾಗಿ ನಾನು ಮಾಡಿದ ಒಂದು ಕೆಲಸದ ಬಗ್ಗೆ. ಅದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಅಪ್ಪ ಫೌಂಡ್ರಿಯಲ್ಲಿ ಮೋಲ್ಡರ್. ಕರಗಿದ ಕಬ್ಬಿಣ ಹೋಗಿ ನಿಲ್ಲಬೇಕಾದ ಆಕಾರವನ್ನು ಒದ್ದೆ ಉಸುಕಿನಲ್ಲಿ ಅಚ್ಚು ಮಾಡಿ ಕೊಡುವವನು. ಬೇರೆಯವರ ಅಪ್ಪಂದಿರು ಮನೆಗೆ ಬಂದು ಕಾಲು ತೊಳೆಯುತ್ತಿದ್ದರು, ನನ್ನ ಅಪ್ಪ ಮೊದಲು ಕಿವಿ ತೊಳೆಯುತ್ತಿದ್ದ. ಕಾಲೇಜಿನ ಅರ್ಜಿಗಳಲ್ಲಿ ತಂದೆಯ ಉದ್ಯೋಗದ ಎದುರು ನಾನು 'ಸರ್ವಿಸ್' ಎಂದು ಬರೆಯುತ್ತಿದ್ದೆ. ಯಾವ ಸರ್ವಿಸ್ ಎಂದು ಯಾರೂ ಕೇಳಲಿಲ್ಲ.

ಟೋಕಿಯೋದ ಪಕ್ಕದ ಗ್ಯೋಟೋಕುವಿನಲ್ಲಿ ಕೇಳಿದರು. ನಾನಿರುವ ಕಟ್ಟಡದಲ್ಲೇ ನಾಲ್ಕು ಕನ್ನಡದ ಮನೆಗಳಿವೆ. ಯುಗಾದಿಯ ಊಟಕ್ಕೆ ಸೇರಿದ್ದಾಗ ಮೇಲಿನ ಮನೆಯಾಕೆ ಚಿತ್ರಾನ್ನ ಬಡಿಸುತ್ತ, "ನಿಮ್ ಫಾದರ್ ಏನ್ ಮಾಡ್ತಿದ್ರು?" ಎಂದರು.

"ಮೆಟಲರ್ಜಿ ಫೀಲ್ಡಲ್ಲಿದ್ರು."

"ಓ, ರಿಸರ್ಚಾ? ನಮ್ಮನೆಯವ್ರೂ ಅಷ್ಟೇ, ದಿನಾ ಸಗಮಿಹಾರಾದ ಲ್ಯಾಬಿಗೆ ಹೋಗಿ ಬರ್ತಾರೆ. ಸ್ಯಾಟಲೈಟಿಗೆ ಮೆಟಲ್ ಟೆಸ್ಟ್ ಮಾಡೋದು. ಅಂಕಲ್ ಬಂದಾಗ ಹೇಳಿ, ಇವ್ರಿಗೆ ಮಾತಾಡೋಕೆ ಜನ ಸಿಗಲ್ಲ, ನನ್ ತಲೆ ತಿಂತಾರೆ."

ಎಲ್ಲರೂ ನಕ್ಕರು. ನಾನೂ ನಕ್ಕು ಇನ್ನಷ್ಟು ಚಿತ್ರಾನ್ನ ಹಾಕಿಸಿಕೊಂಡೆ.

ಪ್ರಬಂಧಕ್ಕೆ ನಾನು ಆರಿಸಿಕೊಂಡದ್ದು ಟೋಕಿಯೋದ ಉತ್ತರಕ್ಕೆ, ನದಿಯೊಂದರ ದಂಡೆಯಲ್ಲಿರುವ ಸಣ್ಣ ಎರಕದ ಊರು. ನದಿಯೇ ಆ ಊರಿಗೆ ಕಸುಬು ಕೊಟ್ಟದ್ದು. ಅಚ್ಚಿಗೆ ಬೇಕಾದ ನುಣ್ಣನೆಯ ಮರಳು, ಅಂಟುವ ಜೇಡಿ ಎರಡೂ ದಂಡೆಯಲ್ಲೇ ಸಿಗುತ್ತಿದ್ದವು. ಎರಕ ಹೊಯ್ದ ಅನ್ನದ ಪಾತ್ರೆ, ಕೆಟಲು, ಹಂಡೆಗಳನ್ನು ದೋಣಿಗೆ ತುಂಬಿ ಕೆಳಗಿನ ದೊಡ್ಡ ಪಟ್ಟಣಕ್ಕೆ ಸಾಗಿಸುತ್ತಿದ್ದರು. ಆಮೇಲೆ ಪಾತ್ರೆಗಳು ಹೋಗಿ ಪಂಪು, ಯಂತ್ರದ ಬಿಡಿಭಾಗ, ರಸ್ತೆಯ ಮ್ಯಾನ್‌ಹೋಲ್ ಮುಚ್ಚಳ ಬಂದವು. ಈಗ ಭಟ್ಟಿಗಳಿದ್ದ ಜಾಗದಲ್ಲಿ ಅಪಾರ್ಟ್‌ಮೆಂಟುಗಳೆದ್ದಿವೆ. ಅಲ್ಲಿಗೆ ಹೊಸದಾಗಿ ಬಂದವರು, ಉಳಿದಿರುವ ಒಂದೆರಡು ಕಾರ್ಖಾನೆಗಳ ಹೊಗೆಯಿಂದ ಒಣಗಿಸಿದ ಬಟ್ಟೆ ಹಾಳಾಗುತ್ತದೆ ಎಂದು ನಗರಸಭೆಗೆ ದೂರು ಕೊಡುತ್ತಾರೆ.

ಈ ಊರೇ ಯಾಕೆ ಎಂದು ನನ್ನ ಸೆನ್ಸೆಯ್, ಅಂದರೆ ಮಾರ್ಗದರ್ಶಕರು ಕೇಳಿದಾಗ, ಟೋಕಿಯೋಕ್ಕೆ ಹತ್ತಿರ ಎಂದೆ. ನಿಜ ಬೇರೆಯಿತ್ತು. ಒಮ್ಮೆ ಕಂಪನಿ ಕೆಲಸಕ್ಕೆ ಹೋಗಿ ಆ ಸ್ಟೇಷನ್ನಿನಲ್ಲಿ ಇಳಿದಾಗ ಸುಟ್ಟ ಉಸುಕಿನ ವಾಸನೆ ಬಂದಿತ್ತು. ನಿಂತ ಜಾಗದಿಂದ ಅಲುಗಲಾಗಲಿಲ್ಲ.

ಅಲ್ಲಿನ ಹಳೆಯ ಕಾರ್ಖಾನೆಯೊಂದರ ಯಜಮಾನರಿಗೆ ಎಂಬತ್ತು ದಾಟಿತ್ತು. ಅಂಥವರನ್ನು ಒಯಾಕಾತಾ ಎನ್ನುತ್ತಾರೆ. ಅವರು ನನ್ನನ್ನು ಗಾಕುಸೇಯ್-ಸಾನ್, ವಿದ್ಯಾರ್ಥಿಯವರೇ, ಎಂದು ಕರೆಯುತ್ತಿದ್ದರು. ಮೊದಲ ದಿನವೇ ನನ್ನ ಕೈಗೆ ಒಂದು ಹಿಡಿ ಮರಳು ಹಾಕಿ, ಏನು ಮಾಡುತ್ತೀ ನೋಡೋಣ ಎಂಬಂತೆ ನಿಂತರು. ನಾನು ಯೋಚಿಸಲೇ ಇಲ್ಲ. ಮುಷ್ಟಿಯಲ್ಲಿ ಹಿಚುಕಿ ಉಂಡೆ ಮಾಡಿ, ಎರಡು ಹೋಳಾಗಿ ಮುರಿದು, ಮುರಿದ ಅಂಚನ್ನು ನೋಡಿದೆ. ಅಂಚು ಉದುರದೆ ನಿಂತಿತ್ತು, ಅಂದರೆ ನೀರು ಹದವಾಗಿತ್ತು.

"ಗಾಕುಸೇಯ್-ಸಾನ್, ಇದನ್ನು ಎಲ್ಲಿ ಕಲಿತೆ?"

"ಪುಸ್ತಕದಲ್ಲಿ ಓದಿದ್ದೆ."

ಅವರಿಗೆ ಬಹಳ ಖುಷಿಯಾಯಿತು. ಬಂದುಹೋದವರಿಗೆಲ್ಲ, ಈ ಹುಡುಗಿ ಪುಸ್ತಕ ಓದಿಯೇ ಮರಳಿನ ಹದ ಹಿಡಿಯುತ್ತಾಳೆ ಎಂದು ಹೇಳತೊಡಗಿದರು. ಹಾಗೆ ಹೇಳಿದಾಗಲೆಲ್ಲ ನಾನು ತಲೆ ಬಾಗಿಸುತ್ತಿದ್ದೆ. ಅದನ್ನು ಅವರು ವಿನಯ ಎಂದುಕೊಂಡರು. ಆ ಕಾರ್ಖಾನೆಯ ಹೊಸ್ತಿಲನ್ನು ನಾನು ಓದಿದವಳಾಗಿ ದಾಟಿದ್ದೆ, ಮೋಲ್ಡರನ ಮಗಳಾಗಿ ಅಲ್ಲ. ಒಂದು ವರ್ಷ ಹಾಗೆಯೇ ನಡೆಯಿತು.

ಅರ್ಥವಾಗದ್ದನ್ನು ಒಯಾಕಾತಾರ ಬಳಿ ಎರಡನೇ ಸಲ ಕೇಳಲು ನನಗೆ ಸಂಕೋಚ. ಪುಸ್ತಕ ಓದಿ ಬಂದವಳಲ್ಲವೇ. ಹಾಗಾಗಿ ಭಾನುವಾರ ಬೆಳಗ್ಗೆ ಅಪ್ಪನಿಗೆ ಫೋನ್ ಹಚ್ಚುತ್ತಿದ್ದೆ. ಹುಟ್ಟಿದಾಗಿನಿಂದ ಅವನ ಕೆಲಸದ ಬಗ್ಗೆ ನಾನು ಒಂದು ಮಾತು ಕೇಳಿದವಳಲ್ಲ.

"ಯಾಕವ್ವಾ, ಅಲ್ಲಿ ಹೋದ್ರೂ ಉಸುಕು ಬಿಡವಲ್ದೇನು ನಿನ್ನ?" ಎಂದು ನಗುತ್ತಿದ್ದ. ಆಮೇಲೆ ಶುರುವಾದರೆ ನಿಲ್ಲುತ್ತಿರಲಿಲ್ಲ. ಟೊಳ್ಳಾದ ಎರಕದ ನಡುವೆ ಇಡುವ ಉಸುಕಿನ ತಿರುಳಿಗೆ ಕೋರ್ ಎನ್ನುತ್ತಾರೆ. ಅದರ ಬಗ್ಗೆ ಅಪ್ಪ ಒಂದಿಡೀ ಭಾನುವಾರ ಹೇಳಿದ. "ಅದಕ್ಕ ಕಾಕಂಬಿ ಹಾಕಬೇಕು. ಸಕ್ಕರಿ ಫ್ಯಾಕ್ಟರಿದು. ಬೇಯಿಸಿದ್ರ ಕಲ್ಲ ಆಗ್ತೈತಿ. ಕಬ್ಬಿಣಾ ಹೊಯ್ದ ಮ್ಯಾಲ ಸುಟ್ಟು ಹುಡಿ ಆಗ್ತೈತಿ, ಬಡದು ಉದುರಿಸಿದ್ರ ಆತು. ನಿಮ್ಮವ್ವ ಬೈತಿದ್ಲು, ಇವರ ಅಂಗಿಗೆ ಇರಿವಿ ಮುತ್ತತಾವಂತ."

ಅವನು ಹೇಳುತ್ತಿದ್ದ, ನಾನು ಟೈಪ್ ಮಾಡುತ್ತಿದ್ದೆ. ಒಯಾಕಾತಾ ಹೇಳಿದ್ದರ ಕೆಳಗೆ ಅವರ ಹೆಸರು, ದಿನ, ಎಲ್ಲ ಇರುತ್ತಿತ್ತು. ಅಪ್ಪ ಹೇಳಿದ್ದರ ಕೆಳಗೆ ಏನೂ ಇರುತ್ತಿರಲಿಲ್ಲ. ಪ್ರಬಂಧದ ಕೊನೆಯಲ್ಲಿ, ಮಾಹಿತಿ ಕೊಟ್ಟವರ ಪಟ್ಟಿಯಲ್ಲಿ, ಕಾರ್ಖಾನೆಗಳಿಗೆ ಊಟದ ಡಬ್ಬಿ ಮಾರುತ್ತಿದ್ದ ಮುದುಕಿಯ ಹೆಸರೂ ಇತ್ತು. ಅಪ್ಪನದು ಇರಲಿಲ್ಲ. ಹೆಸರಿಲ್ಲದ ಮಾತುಗಳು ಬರೆಯುತ್ತ ಬರೆಯುತ್ತ ನನ್ನವೇ ಆಗಿಬಿಟ್ಟವು.

ಇಲ್ಲಿ ಒಂದು ಪದ್ಧತಿಯಿದೆ. ಬರೆದದ್ದನ್ನು ವಿಶ್ವವಿದ್ಯಾಲಯಕ್ಕೆ ಕೊಡುವ ಮೊದಲು, ಮಾಹಿತಿ ಕೊಟ್ಟವರ ಮನೆಗೆ ಸಿಹಿಯ ಡಬ್ಬಿಯೊಂದಿಗೆ ಹೋಗಿ, ಓದಿ ನೋಡಿ ಎಂದು ಕೊಡಬೇಕು. ಜನವರಿಯಲ್ಲಿ ಹಾಗೆ ಕೊಟ್ಟು ಬಂದೆ. ವಾರದ ಮೇಲೆ ಒಯಾಕಾತಾ ಕರೆಸಿದರು. ಸೀಮೆಎಣ್ಣೆ ಒಲೆಯ ಪಕ್ಕದ ಮೇಜಿನ ಮೇಲೆ ನನ್ನ ಮೂರನೇ ಅಧ್ಯಾಯವಿತ್ತು. ಒಂದು ಸಾಲಿನ ಕೆಳಗೆ ಕೆಂಪು ಪೆನ್ಸಿಲಿನ ಗೆರೆ.

"ಈ ಊರಿನ ಕಸುಬುದಾರರು ತಿರುಳಿನ ಮರಳಿಗೆ ಕಾಕಂಬಿ ಬೆರೆಸುತ್ತಿದ್ದರು ಎಂದು ಬರೆದಿದ್ದೀ. ನಾವು ಜೇಡಿಯ ನೀರು ಹಾಕುತ್ತಿದ್ದೆವು. ನನ್ನ ಅಪ್ಪನೂ ಅಷ್ಟೇ, ಅಜ್ಜನೂ ಅಷ್ಟೇ. ಈ ಬೀದಿಯಲ್ಲಿ ಕಾಕಂಬಿ ಯಾರೂ ಹಾಕಿಲ್ಲ. ಯಾರು ಹೇಳಿದರು?"

"ಬೇರೆ ಕಾರ್ಖಾನೆಯವರು ಒಬ್ಬರು."

"ಉಳಿದಿರುವುದೇ ಎರಡು, ಒಂದು ನನ್ನದು. ಫೋನ್ ಮಾಡಿ ಕೇಳುತ್ತೇನೆ."

ರಿಸೀವರ್ ಎತ್ತಿ, ಕನ್ನಡಕ ಏರಿಸಿ, ನಂಬರು ಒತ್ತತೊಡಗಿದರು. ಆ ಕಾರ್ಖಾನೆಯವರಿಗೆ ಏನೂ ಗೊತ್ತಿರಲಿಲ್ಲ. ಅವರ ಮೇಲೂ ಒಂದು ಸುಳ್ಳು ಹೊರಿಸಬೇಕಾಗುತ್ತದಲ್ಲ ಎನ್ನಿಸಿದಾಗ ಬಾಯಿಂದ ಮಾತು ಹೊರಬಿತ್ತು.

"ಸುಮಿಮಾಸೆನ್, ಕ್ಷಮಿಸಿ. ಅದು ನನ್ನ ತಂದೆ ಹೇಳಿದ್ದು. ಅವರು ಇಂಡಿಯಾದಲ್ಲಿ ಮೋಲ್ಡರ್ ಆಗಿದ್ದರು. ಮರಳಿನ ಹದ ಕಲಿತದ್ದೂ ಅವರನ್ನು ನೋಡಿಯೇ. ಪುಸ್ತಕದಲ್ಲಿ ಅಲ್ಲ."

ಅವರು ರಿಸೀವರ್ ಇಟ್ಟರು.

"ನಾನು ನಿನಗೆ ಒಂದು ವರ್ಷ ಮರಳು ಹಿಡಿಯುವುದನ್ನು ಹೇಳಿಕೊಟ್ಟೆ. ಮೋಲ್ಡರನ ಮಗಳಿಗೆ. ನೀನು ಸುಮ್ಮನೆ ಹೇಳಿಸಿಕೊಂಡೆ." ದನಿ ಏರಲೇ ಇಲ್ಲ. ಒಳಗಿಂದ ನಾನು ತಂದಿದ್ದ ಸಿಹಿಯ ಡಬ್ಬಿ ತಂದರು, ಬಿಚ್ಚಿಯೇ ಇರಲಿಲ್ಲ. ಅದನ್ನು ಅಧ್ಯಾಯದ ಮೇಲಿಟ್ಟು ಎರಡನ್ನೂ ನನ್ನತ್ತ ಸರಿಸಿದರು. "ಸರಿಮಾಡಿದ ಮೇಲೆ ತೆಗೆದುಕೊಂಡು ಬಾ."

ಸೆನ್ಸೆಯ್‌ಗೂ ನಾನೇ ಹೋಗಿ ಹೇಳಿದೆ. ಅವರು ಬಯ್ಯಲಿಲ್ಲ. ಒಂದು ಸಾಲು ಹೀಗಿದ್ದರೆ ಉಳಿದವುಗಳನ್ನು ಹೇಗೆ ನಂಬಲಿ ಎಂದರು. ಆ ಅಧ್ಯಾಯದ ಪ್ರತಿ ವಾಕ್ಯವನ್ನೂ ಯಾರು ಹೇಳಿದ್ದು ಎಂದು ಬೇರ್ಪಡಿಸಿ ಹೊಸದಾಗಿ ಬರೆಯಬೇಕು, ಮಾರ್ಚಿನ ಪದವಿ ಈ ಸಲ ಇಲ್ಲ, ಸೆಪ್ಟೆಂಬರಿಗೆ ನೋಡೋಣ ಎಂದರು.

ಅಪ್ಪ ಮಾರ್ಚಿನ ಪದವಿ ಪ್ರದಾನಕ್ಕೆ ಬರಲು ತಯಾರಾಗಿದ್ದ. ಮೊಣಕಾಲು ನೋವೆಂದು ಅವ್ವ ಬರುವುದಿಲ್ಲ ಎಂದಿದ್ದಕ್ಕೆ ಒಬ್ಬನೇ ಬರುತ್ತೇನೆ ಎಂದಿದ್ದ. ವಿಶ್ವವಿದ್ಯಾಲಯದ ಕಾಗದಪತ್ರದ ತೊಂದರೆಯಿಂದ ಪದವಿ ಮುಂದೆ ಹೋಯಿತು ಎನ್ನಬಹುದಿತ್ತು. ಅವನು ನಂಬುತ್ತಿದ್ದ. ಆ ಭಾನುವಾರ ಫೋನ್ ಮಾಡಿ, ಅವನ ಮಾತುಗಳನ್ನೆಲ್ಲ ಹೆಸರಿಲ್ಲದೆ ಬರೆದುಕೊಂಡದ್ದನ್ನು, ಪಟ್ಟಿಯಲ್ಲಿ ಅವನನ್ನು ಬಿಟ್ಟದ್ದನ್ನು, ಇಲ್ಲಿ ಎಲ್ಲರಿಗೂ ಏನೇನು ಹೇಳಿಕೊಂಡು ಬಂದಿದ್ದೆ ಎಂಬುದನ್ನು ಹೇಳಿದೆ. ಆ ಕಡೆ ಕುಕ್ಕರಿನ ಸೀಟಿ ಕೇಳಿಸಿತು.

ಆಮೇಲೆ ಅಪ್ಪ, "ಅವ್ರು ಕಾಕಂಬಿ ಹಾಕೂದಿಲ್ಲೇನು?" ಎಂದ.

"ಇಲ್ಲಪ್ಪಾ. ಜೇಡಿ ನೀರು."

"ಹಂಗಾದ್ರ ಕೋರ್ ಭಾಳ ಒಣಗಸಬೇಕಾಗ್ತೈತಿ." ಇಷ್ಟು ಹೇಳಿ ಫೋನ್ ಇಟ್ಟ. ಮುಂದಿನ ಎರಡು ಭಾನುವಾರ ಎತ್ತಲಿಲ್ಲ. ಅಪ್ಪ ಹೊರಗ ಹೋಗ್ಯಾರ ಎಂದು ಅವ್ವ ಹೇಳಿದಳು. ಅವನು ಅಲ್ಲೇ ಇದ್ದ, ಅವನ ಕೆಮ್ಮು ನನಗೆ ಗೊತ್ತು.

ಮೂರನೇ ವಾರ ತಾನೇ ಫೋನ್ ಮಾಡಿದ. ಅಧ್ಯಾಯವನ್ನು ಇಬ್ಬರೂ ಕೂಡಿ ಬೇರ್ಪಡಿಸಿದೆವು. ನಾನು ಒಂದೊಂದೇ ವಾಕ್ಯವನ್ನು ಕನ್ನಡದಲ್ಲಿ ಹೇಳುವುದು, ಅವನು "ಇದು ನಂದು," "ಇದು ಆ ಅಜ್ಜಾಂದು" ಎನ್ನುವುದು. ಅವನದೆಂದು ಗೊತ್ತಾದ ವಾಕ್ಯಗಳು ಆ ಊರಿನ ಚರಿತ್ರೆಯಿಂದ ಹೊರಬಂದು, ಎರಡು ಊರುಗಳ ಕಸುಬನ್ನು ಹೋಲಿಸುವ ಬೇರೆ ಅಧ್ಯಾಯವಾದವು. ಒಯಾಕಾತಾ ಅದನ್ನು ಪೂರ್ತಿ ಓದಿ, ಎರಡನೇ ಸಲ ಒಯ್ದ ಸಿಹಿಯನ್ನು ಇಟ್ಟುಕೊಂಡರು. ಮರಳು ಮಾತ್ರ ನನ್ನ ಕೈಗೆ ಮತ್ತೆ ಕೊಡಲಿಲ್ಲ.

ಸೆಪ್ಟೆಂಬರಿನ ಪದವಿ ಪ್ರದಾನಕ್ಕೆ ಜನ ಕಡಿಮೆ. ಸಣ್ಣ ಕೋಣೆ, ಮಡಚುವ ಕುರ್ಚಿಗಳು. ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಕೊನೆಯ ಸಾಲಿನಲ್ಲಿ ಕೂತಿದ್ದ. ಕಾರ್ಯಕ್ರಮ ಮುಗಿದ ಮೇಲೆ ಹೊರಗಿನ ಬೆಂಚಿನ ಮೇಲೆ ಪದವಿಪತ್ರವನ್ನು ಎರಡೂ ಕೈಯಿಂದ ಅವನಿಗೆ ಕೊಟ್ಟೆ. ಅವನು ಅದನ್ನು ತೊಡೆಯ ಮೇಲಿಟ್ಟುಕೊಂಡು, "ಪುಸ್ತಕದಾಗ ನನ್ನ ಬಗ್ಗೆ ಏನ ಬರದಿ, ಅದನ್ನ ಓದು" ಎಂದ.

ಜಪಾನಿಯಲ್ಲಿದ್ದುದನ್ನು ಕನ್ನಡ ಮಾಡಿ ಓದಿದೆ. ಬೆಳಗಾವಿಯ ಫೌಂಡ್ರಿಯಲ್ಲಿ ಮೂವತ್ತೊಂದು ವರ್ಷ ಮೋಲ್ಡರ್ ಆಗಿದ್ದ ನನ್ನ ತಂದೆ ಈ ಅಧ್ಯಾಯದ ಅರ್ಧ ಭಾಗವನ್ನು ಹೇಳಿದ್ದಾರೆ, ಎಂದು.

"ಹೆಡ್ ಮೋಲ್ಡರ್," ಎಂದ ಅಪ್ಪ. "ಕಡೀ ಆರ ವರ್ಷ ಹೆಡ್ ಮೋಲ್ಡರ್ ಇದ್ದೆ. ನಿನಗ ಗೊತ್ತ ಇರಲಿಲ್ಲೇನವ್ವಾ?"