ತುಂಬಿದ ಕಾಲುವೆಯ ಊರಿಗೆ

ಹುಬ್ಬಳ್ಳಿಯಲ್ಲಿ ಶ್ರಾವಣದ ಜಿಟಿಜಿಟಿ ಹಿಡಿದಿತ್ತು. ಗೋಕುಲ ರಸ್ತೆಯ ನನ್ನ ಫ್ಯಾಬ್ರಿಕೇಶನ್ ಶಾಪಿನ ಷಟರ್ ಇಳಿಸಿ, ಗೋಣಿತಾಟಿನಲ್ಲಿ ಸುತ್ತಿದ ಸ್ಟ್ಯಾಂಡಿನ ಬಿಡಿಭಾಗಗಳನ್ನು ಆಟೋದಲ್ಲಿ ಹೇರಿಕೊಂಡು ಸ್ಟೇಶನ್ನಿಗೆ ಹೋದೆ. ಅಣ್ಣನ ಮಗಳು ಸುಜಾತಾ ಮೊದಲೇ ಬಂದು ನಿಂತಿದ್ದಳು. ಧಾರವಾಡದ ಒಂದು ಸಂಸ್ಥೆಯಲ್ಲಿ ಅವಳದು ಹಿಮನದಿಗಳನ್ನು ಕಂಪ್ಯೂಟರಿನಲ್ಲಿ ಕಟ್ಟಿ ನೋಡುವ ಕೆಲಸ. ಹಿಮಾಚಲದ ಒಂದು ಸಣ್ಣ ಹಿಮನದಿಯ ಮೇಲೆ ಗಾಳಿ, ಬಿಸಿಲು, ಚಳಿ ಅಳೆಯುವ ಯಂತ್ರ ಕೂರಿಸಬೇಕಾಗಿತ್ತು. ಅದರ ಸ್ಟ್ಯಾಂಡು ನನ್ನ ಕೈಯದು. ನಾನೇ ಬಂದು ನಿಲ್ಲಿಸಿಕೊಡುತ್ತೇನೆಂದು ಹಟ ಹಿಡಿದೆ. ಏಳನೆಯ ಇಯತ್ತೆಗೆ ಸಾಲಿ ಬಿಟ್ಟವನು ನಾನು, ಆದರೆ ಕೇಶ್ವಾಪುರದಲ್ಲಿ ನಾನು ಕೂರಿಸಿದ ಗೇಟು ಒಂದೂ ಜೋಲು ಬಿದ್ದಿಲ್ಲ.

ದಿಲ್ಲಿಗೆ ಸ್ಲೀಪರ್ ಟಿಕೆಟ್ಟು ಸಾವಿರದೊಳಗೇ ಆಯಿತು. ಮಹಾರಾಷ್ಟ್ರ ದಾಟುವವರೆಗೆ ಮಳೆ, ಆಮೇಲೆ ಸೆಕೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿಕೊಂಡು ಕೂತಾಗ ಸುಜಾತಾಳನ್ನು ಕೇಳಿದೆ, ಗುಡ್ಡದಷ್ಟು ಬರ್ಫನ್ನು ಆ ಸಣ್ಣ ಪೆಟ್ಟಿಗೆಯೊಳಗೆ ಹೇಗೆ ತುಂಬುತ್ತೀ ಎಂದು.

"ಚೌಕ ಚೌಕ ಕತ್ತರಸ್ತೇವ್ರಿ ಕಾಕಾ. ಒಂದೊಂದು ಚೌಕಕ್ಕ ಎಷ್ಟು ಹಿಮ ಬಿತ್ತು, ಎಷ್ಟು ಕರಗ್ತು, ತನ್ನ ಭಾರಕ್ಕ ತಾನ ಎಷ್ಟು ಕೆಳಗ ಜಾರ್ತು ಅಂತ ಲೆಕ್ಕ ಹಾಕ್ತೈತಿ."

"ಬರ್ಫ್ ಜಾರ್ತೈತಿ?"

"ನಾದಿದ ಹಿಟ್ಟಿನ ಮುದ್ದಿ ಓರಿ ಹಲಗಿ ಮ್ಯಾಲ ಇಟ್ರ ಸಾವಕಾಶ ಇಳೀತೈತಲ್ರಿ, ಹಂಗ. ಮೊದಲು ಅದಕ್ಕ ಹಿಂದಿನ ವರ್ಷದ್ದು ಕೇಳ್ತೇವಿ. ಖರೇ ಆಗಿದ್ದನ್ನ ಹೇಳಿದ್ರಷ್ಟ ಮುಂದಿಂದು ಕೇಳೂದು."

"ನನ್ನ ಕೆಲಸದಾಗ ತಪ್ಪಾದ್ರ ಗಿರಾಕಿ ಬಂದು ಬೈತಾನ."

"ನಂದು ತಪ್ಪೋ ಖರೇನೋ ಗೊತ್ತಾಗೂದು ಭಾಳ ತಡಾ ರೀ. ಬೈಯಾಕ ಬರೋರೂ ಇರಂಗಿಲ್ಲ. ಅದಕ್ಕ ಅಂಜಿಕಿ ಬರ್ತೈತಿ."

ದಿಲ್ಲಿಯಿಂದ ಮನಾಲಿಗೆ ಬಸ್ಸು. ಅಲ್ಲಿಂದ ಮುಂದೆ ಕರೆದೊಯ್ಯಲು ನೋರ್ಬು ಎಂಬಾತ ಜೀಪು ತಂದಿದ್ದ. ಸುಜಾತಾ ಹಿಂದಿನ ಬೇಸಿಗೆಗಳಲ್ಲೂ ಉಳಿದುಕೊಂಡದ್ದು ಅವನ ಮನೆಯಲ್ಲೇ. ಗುಡ್ಡದ ಹೊಟ್ಟೆಯೊಳಗಿನ ಉದ್ದನೆಯ ಸುರಂಗ ಹೊಕ್ಕಾಗ ಹಸಿರು, ಮೋಡ. ಹೊರಬಿದ್ದಾಗ ಬೋಳು ಗುಡ್ಡ, ಕಣ್ಣು ಕುಕ್ಕುವ ಬಿಸಿಲು, ಅದರೊಳಗೇ ಚಳಿ. ಹೆದ್ದಾರಿ ಬಿಟ್ಟು ಮಣ್ಣಿನ ದಾರಿಯಲ್ಲಿ ಬಹಳ ಹೊತ್ತು ಮೇಲೇರಿದ ಮೇಲೆ ಊರು ಬಂತು. ಹತ್ತಿಪ್ಪತ್ತು ಮನೆ, ಬಟಾಣಿ ಮತ್ತು ಬಟಾಟಿ ಹೊಲ, ನಡುವೆ ಒಂದು ಕಾಲುವೆ.

ನೋರ್ಬುವಿನ ಹೆಂಡತಿ ಡೋಲ್ಮಾ ಬಾಗಿಲಲ್ಲೇ ನನ್ನನ್ನು ಭೈಯಾ ಎಂದು ಕರೆದಳು. ನನ್ನದು ಹುಬ್ಬಳ್ಳಿ ಪ್ಯಾಟಿಯ ಹಿಂದಿ, ಅವಳದು ಬೆಟ್ಟದ ಹಿಂದಿ. ಎರಡನ್ನೂ ಇಲ್ಲಿ ನಮ್ಮ ಮಾತಿನಲ್ಲೇ ಬರೆಯುತ್ತೇನೆ. ಖಡಕ್ ರೊಟ್ಟಿಯನ್ನು ಕೈಯಲ್ಲಿ ಹಿಡಿದು, ಬೆರಳಿನಿಂದ ಬಡಿದು ನೋಡಿ ಆಕೆ ಕೇಳಿದಳು:

"ಭೈಯಾ, ಅಂಗಡಿ ತಗಡ ಯಾಕ ಹೊತ್ಕೊಂಡು ಬಂದೀರಿ? ನಮ್ಮ ಮನಿಗೆ ಛಾವಣಿ ಐತಿ."

ನೋರ್ಬು ಚಹಾ ಚೆಲ್ಲುವಷ್ಟು ನಕ್ಕ.

ಆ ನಗುವಿನ ಅಡಿಯಲ್ಲಿ ಗಂಡ ಹೆಂಡಿರ ಹಳೆಯ ಜಗಳವೊಂದಿತ್ತು. ಊರು ಬಿಟ್ಟು ಇಳಿಯುವವರಿಗೆ ಕೆಳಗೆ ಹೆದ್ದಾರಿ ಪೇಟೆಯ ಹತ್ತಿರ ಸರಕಾರದಿಂದ ಜಾಗ ಸಿಗುವುದಿತ್ತು. ಹೂಂ ಅಥವಾ ಇಲ್ಲ ಎಂದು ಈ ಸಲದ ಹಿಮ ಬೀಳುವ ಮೊದಲೇ ಹೇಳಬೇಕು. ನೋರ್ಬುಗೆ ಹೋಗುವ ಮನಸ್ಸು. ಚಳಿಗಾಲದಲ್ಲಿ ದಾರಿ ಮುಚ್ಚುವ ಊರಿನಲ್ಲಿ ಏನಿದೆ ಎಂದು ಅವನ ವಾದ. ಡೋಲ್ಮಾ ಒಲ್ಲಳು. ಕಡೆಗೆ ಇಬ್ಬರೂ ಒಂದು ಮಾತಿಗೆ ಬಂದಿದ್ದರು: ಮೇಲಿನ ಹಿಮನದಿ ಎಷ್ಟು ಕಾಲ ನೀರು ಕೊಡುತ್ತದೆಂದು ಸುಜಾತಾಳ ಕಂಪ್ಯೂಟರು ಏನು ಹೇಳುತ್ತದೋ ಹಾಗೆ.

ಮರುದಿನ ಬೆಳಿಗ್ಗೆ ಡೋಲ್ಮಾ ನಮ್ಮನ್ನು ಕಾಲುವೆಯ ದಂಡೆಗೆ ಕರೆದೊಯ್ದಳು. ನೀರು ಅಂಚಿನ ಹುಲ್ಲು ಮುಟ್ಟಿ ಓಡುತ್ತಿತ್ತು.

"ನಮ್ಮತ್ತಿ ಕಾಲಕ್ಕ ಈ ಕಾಲುವಿ ಇಷ್ಟು ತುಂಬ್ತಿದ್ದಿಲ್ಲ. ನೀರಿನ ಪಾಳಿಗೆ ಬಡದಾಡ್ತಿದ್ರು. ಈಗ ನೋಡು ಬೇಟಿ. ಇದನ್ನೂ ನಿನ್ನ ಕಂಪ್ಯೂಟರಿಗೆ ಹೇಳು."

"ಹೇಳೇನ್ರಿ ದೀದಿ," ಎಂದಳು ಸುಜಾತಾ. ದನಿ ಸಣ್ಣದಾಗಿತ್ತು. ನನಗೆ ಅರ್ಥವಾಗಲಿಲ್ಲ. ತುಂಬಿದ ನೀರು ನೋಡಿ ನಾನಂತೂ ಡೋಲ್ಮಾಳ ಪಕ್ಷ ಸೇರಿದ್ದೆ.

ಹಿಮನದಿಯ ಮೇಲೆ ಹೋಗಲು ನಸುಕಿನಲ್ಲೇ ಹೊರಟೆವು. ಕತ್ತೆಗಳ ಮೇಲೆ ಸಾಮಾನು, ನನ್ನ ಎದೆಯಲ್ಲಿ ತಿದಿ. ಬಿಳಿ ಬರ್ಫು ಕಾಣುತ್ತದೆಂದು ಹೋದವನಿಗೆ ಕಂಡದ್ದು ಕಲ್ಲು, ಕೆಸರು, ಅದರಡಿ ಬೂದು ಬಣ್ಣದ ಗಟ್ಟಿ ಬರ್ಫು. ಎಲ್ಲಿ ಕಿವಿಗೊಟ್ಟರೂ ಒಳಗೆ ನೀರು ಓಡುವ ಸದ್ದು. ಸುಜಾತಾ ಹೋದ ವರ್ಷ ಬರ್ಫಿನೊಳಗೆ ಆಳವಾಗಿ ತೂತು ಕೊರೆದು ಹುಗಿದಿದ್ದ ಬಿದಿರು ಗಳ ಪೂರ್ತಿ ಹೊರಬಂದು ಅಡ್ಡ ಬಿದ್ದಿತ್ತು. ಎಷ್ಟು ಗಳ ಹೊರಗೆ ಕಾಣುತ್ತದೋ ಅಷ್ಟು ಕರಗಿದೆ ಎಂದು ಲೆಕ್ಕ. ಅವಳು ಅದನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡು ತುದಿಯಿಂದ ತುದಿಗೆ ಅಳೆದು ಬರೆದುಕೊಂಡಳು.

ನಾನು ಸ್ಟ್ಯಾಂಡಿನ ಕಾಲು ಹುಗಿಯಲು ಡ್ರಿಲ್ ತೆಗೆದೆ. ಉದ್ದನೆಯ ಆ್ಯಂಕರ್ ಬೋಲ್ಟುಗಳನ್ನು ಹುಬ್ಬಳ್ಳಿಯಿಂದಲೇ ತಂದಿದ್ದೆ.

"ಹುಗೀಬ್ಯಾಡ್ರಿ ಕಾಕಾ. ಬರಿ ಮ್ಯಾಲ ಇಡೂದು."

"ಗಾಳಿಗೆ ಬಿದ್ದೀತು. ನಾ ಮಾಡಿದ್ದು ಅಲುಗಾಡಬಾರದು."

"ಬರ್ಫ್ ಇಳಿದಂಗ ಅದೂ ಇಳೀಬೇಕ್ರಿ. ಹುಗಿದ್ರ ಬರ್ಫ್ ಕೆಳಗ ಇಳೀತೈತಿ, ನಿಮ್ಮ ಸ್ಟ್ಯಾಂಡ್ ಗಾಳ್ಯಾಗ ನಿಲ್ತೈತಿ."

ಕಾಲಿಗೆ ಅಗಲವಾದ ಪಟ್ಟಿ ಕಟ್ಟಿ, ಕಲ್ಲಿನ ಭಾರ ಇಟ್ಟು ನಿಲ್ಲಿಸಿದೆ. ಹತ್ತಾರು ವರ್ಷ ಗಟ್ಟಿ ನಿಲ್ಲಿಸುವುದನ್ನೇ ಕಲಿತ ಕೈ. ಇಳಿಯಲೆಂದು ನಿಲ್ಲಿಸಿದ್ದು ಅದೊಂದೇ.

ಆಮೇಲಿನ ಎರಡು ದಿನ ಸುಜಾತಾ ಕಂಪ್ಯೂಟರಿನ ಮುಂದಿಂದ ಏಳಲಿಲ್ಲ. ಸಂಜೆ ನನ್ನನ್ನು ಮಾಳಿಗೆಗೆ ಕರೆದು ತೋರಿಸಿದಳು. ಗುಡ್ಡದ ಚಿತ್ರದ ಮೇಲೆ ಹಿಮನದಿ ಒಂದು ನೀಲಿ ನಾಲಿಗೆಯ ಹಾಗೆ ಚಾಚಿತ್ತು. ಅವಳು ಗುಂಡಿ ಒತ್ತಿದಳು. ವರ್ಷಗಳು ಸರಿದಂತೆ ನಾಲಿಗೆ ಒಳಗೆ ಎಳೆದುಕೊಂಡಿತು, ತೆಳ್ಳಗಾಯಿತು, ಗುಡ್ಡದ ನೆರಳಿನಲ್ಲಿ ಒಂದು ತೇಪೆಯಾಗಿ ಉಳಿಯಿತು. ಆಮೇಲೆ ಅದೂ ಇರಲಿಲ್ಲ.

"ಇನ್ನೊಮ್ಮಿ ಓಡಸು," ಎಂದೆ.

"ಭಾಳ ಸಲ ಓಡಿಸೇನ್ರಿ. ಜಗತ್ತು ಹೊಗಿ ಕಡಿಮಿ ಮಾಡಿದ್ರ ಹೆಂಗ, ಮಾಡದಿದ್ರ ಹೆಂಗ, ಎರಡೂ ನೋಡೇನಿ. ಕಡಿಮಿ ಮಾಡಿದ್ರ ದೊಡ್ಡ ಹಿಮನದಿ ಒಂದಿಷ್ಟು ಉಳೀತಾವ. ಇದು ಸಣ್ಣದು ರೀ. ಹೋಗೂದು ನಾಕ್ ವರ್ಷ ಮುಂದ ಹಿಂದ, ಅಷ್ಟ."

"ಕಾಲುವಿ ತುಂಬಿ ಹರಿಯಾಕತ್ತೈತಲ್ಲ?"

"ಅದ ರೀ ಕಾಕಾ. ಕರಗಾಕತ್ತಿದ್ದಕ್ಕ ತುಂಬೈತಿ. ಇನ್ನೂ ಕೆಲವು ವರ್ಷ ಹಿಂಗ ಹರೀತೈತಿ. ಆಮ್ಯಾಲ ಬ್ಯಾಸಿಗ್ಯಾಗ ನೀರ ಬರಂಗಿಲ್ಲ."

ಆಗ ನನಗೆ ನಮ್ಮ ಶಾಪಿನ ಎದುರಿನ ಹಳೆಯ ಕಾರ್ಖಾನೆ ನೆನಪಾಯಿತು. ಅದನ್ನು ಬಿಚ್ಚಿ ಗುಜರಿಗೆ ಹಾಕುವಾಗ ತಿಂಗಳುಗಟ್ಟಲೆ ಗೇಟಿನಿಂದ ಲಾರಿ ತುಂಬಿ ತುಂಬಿ ಹೊರಟವು. ರಸ್ತೆಯಲ್ಲಿ ಹೋಗುವವರು, ಭಾಳ ಛಲೋ ನಡದೈತಿ ನೋಡು ಧಂದೆ, ಎನ್ನುತ್ತಿದ್ದರು.

"ಡೋಲ್ಮಾಗ ಹೆಂಗ ಹೇಳ್ಲಿ?" ಎಂದಳು ಸುಜಾತಾ.

"ಈಗ ಬ್ಯಾಡ. ಊರಿಗೆ ಹೋಗಿ ಫೋನಿನ್ಯಾಗ ಹೇಳು. ಅವರ ಅನ್ನ ಉಂಡು ಮುಖದ ಮ್ಯಾಲ ಅನ್ನೂ ಮಾತಲ್ಲ ಇದು."

ಅವಳಿಗೆ ಒಪ್ಪಿಗೆ ಇರಲಿಲ್ಲ. ಹಿರಿಯರ ಮಾತೆಂದು ಕಂಪ್ಯೂಟರು ಮುಚ್ಚಿದಳು.

ಹೊರಡುವ ದಿನ ಬೆಳಿಗ್ಗೆ ಡೋಲ್ಮಾ ಒಣಗಿಸಿದ ಜರ್ದಾಳು ಹಣ್ಣು ಕಟ್ಟಿಕೊಟ್ಟಳು, ಬೆಣ್ಣೆ ಕಟ್ಟಿಕೊಟ್ಟಳು. ಭೈಯಾ ಎಂದು ಕರೆದವಳ ಮನೆಯಿಂದ, ಅದೂ ಶ್ರಾವಣದಲ್ಲಿ, ಬರಿಗೈ ಬೀಸಿಕೊಂಡು ಹೊರಡಲು ನನ್ನಿಂದಾಗಲಿಲ್ಲ. ಊರಿನ ಸಣ್ಣ ಅಂಗಡಿಗೆ ಹೋಗಿ ಅಕ್ಕಿ, ಬೆಲ್ಲ, ಕೊಬ್ಬರಿ ಬಟ್ಟಲು ತಂದೆ. ಹೊರಗಿನವರ ಮನೆಗೆ ಹೋಗುವಾಗ ಇರಲೆಂದು ಹೆಂಡತಿ ಚೀಲದಲ್ಲಿ ಒಂದು ಕುಪ್ಪಸದ ಖಣ ಇಟ್ಟಿದ್ದಳು. "ಸುಜಿ, ಆಕೀಗೆ ಉಡಿ ತುಂಬು," ಎಂದೆ.

ಡೋಲ್ಮಾ ಗೋಡೆಗೆ ಬೆನ್ನು ಕೊಟ್ಟು ಕೂತು, ಸುಜಾತಾ ಹೇಳಿದ ಹಾಗೆ ಮೇಲಂಗಿಯ ಅಂಚನ್ನು ಎರಡೂ ಕೈಯಲ್ಲಿ ಚಾಚಿ ಹಿಡಿದಳು. ಖಣದ ಕೆಂಪು ಅವಳಿಗೆ ಬಹಳ ಹಿಡಿಸಿತು. ಅಕ್ಕಿ ಬೀಳುವಾಗ ಮಕ್ಕಳ ಹಾಗೆ ನಕ್ಕಳು.

"ಇದನ್ನ ಯಾವಾಗ ಮಾಡ್ತೀರಿ ಭೈಯಾ?"

ನಾನು ಅಭಿಮಾನದಿಂದಲೇ ಹೇಳಿದೆ. "ಮನಿಮಗಳು ಮನಿ ಬಿಟ್ಟು ಹೊಂಟಾಗ. ತವರಿನವರು ಉಡಿ ತುಂಬಿ ಕಳಸ್ತೇವಿ."

"ಹೊಂಟವ್ರು ನೀವಲ್ಲ? ನನಗ್ಯಾಕ ತುಂಬಿದ್ರಿ?"

ಸುಜಾತಾಳ ಕೈ ಅಕ್ಕಿಯ ಮೇಲೆ ನಿಂತುಬಿಟ್ಟಿತು. ಬೆಸುಗೆಯಾದರೆ ಒಡೆದು ಮತ್ತೆ ಹಾಕಬಹುದು. ಬಾಯಿಂದ ಬಿದ್ದದ್ದನ್ನು ಏನು ಮಾಡುವುದು? ಡೋಲ್ಮಾ ನನ್ನ ಮುಖ ನೋಡಿದಳು, ಆಮೇಲೆ ಸುಜಾತಾಳದನ್ನು. ನಗು ಹಾಗೇ ಇತ್ತು, ಕಣ್ಣು ಬೇರೆಯಾಗಿದ್ದವು.

"ಹೇಳು ಬೇಟಿ."

ಸುಜಾತಾ ನೆಲದ ಮೇಲೆ ಅವಳ ಎದುರಿಗೇ ಕೂತು ಎಲ್ಲವನ್ನೂ ಹೇಳಿದಳು. ತುಂಬಿದ ನೀರು ಯಾಕೆ ತುಂಬಿದೆ ಎಂಬುದನ್ನೂ ಬಿಡಲಿಲ್ಲ. ಲೆಕ್ಕದಲ್ಲಿ ನಾಲ್ಕಾರು ವರ್ಷ ಹೆಚ್ಚು ಕಡಿಮೆ ಆಗಬಹುದು, ದಿಕ್ಕು ಬದಲಾಗುವುದಿಲ್ಲ ಎಂದಳು. ಡೋಲ್ಮಾ ಉಡಿ ಹಿಡಿದೇ ಕೇಳಿದಳು.

"ಬರೂ ವರ್ಷ ಬಟಾಣಿ ಹಾಕ್ಲಿ?"

"ಹಾಕ್ರಿ ದೀದಿ. ನಿಮಗ ನೀರ ಸಿಗ್ತೈತಿ."

"ಮುಂದ ಬರೂ ನನ್ನ ಸೊಸಿಗೆ?"

ಸುಜಾತಾ ಇಲ್ಲವೆಂದು ತಲೆ ಅಲ್ಲಾಡಿಸಿದಳು.

ಬಾಗಿಲಲ್ಲಿ ಜೀಪಿನ ಕೀಲಿ ಹಿಡಿದು ನಿಂತಿದ್ದ ನೋರ್ಬು ಒಳಗೆ ಬರಲಿಲ್ಲ. ಡೋಲ್ಮಾ ಅವನ ಕಡೆ ನೋಡದೆ, "ಪೇಟಿಗೆ ಹೋದಾಗ ಹೂಂ ಅಂದು ಬಾ," ಎಂದಳು. ಆಮೇಲೆ ಎದ್ದು, ಉಡಿಯ ಅಕ್ಕಿಯನ್ನು ಒಂದು ಕಾಳೂ ಚೆಲ್ಲದಂತೆ ಡಬ್ಬಿಗೆ ಸುರುವಿದಳು. ಇವತ್ತು ನೀರಿನ ಪಾಳಿ ತನ್ನದೆಂದು ಸಲಿಕೆ ತೆಗೆದುಕೊಂಡಳು. ನಾನು ಕೈ ಮುಗಿದು, ನಮ್ಮ ರೂಢಿಯಂತೆ, "ಹೋಗಿ ಬರ್ತೇವ್ರಿ ತಂಗಿ," ಎಂದೆ.

"ಬರ್ರಿ ಭೈಯಾ. ಲಗೂ ಬರ್ರಿ," ಎಂದಳು.

ಜೀಪು ಊರು ಬಿಟ್ಟು ಇಳಿಯತೊಡಗಿತು. ಮೊದಲ ತಿರುವಿನಲ್ಲಿ ನೋರ್ಬು ಗಾಡಿ ನಿಲ್ಲಿಸಿದ.

"ಇಷ್ಟು ವರ್ಷ ಜಗಳಾಡಿ ಇವತ್ತು ಗೆದ್ದೆ ಭೈಯಾ," ಎಂದ. "ಸಂಜಿಗೆ ಯಾವ ಮಾರಿ ಹೊತ್ಕೊಂಡು ಮನಿಗೆ ಹೋಗ್ಲಿ?"

ನಾನು ಕಿಟಕಿಯ ಗಾಜು ಇಳಿಸಿದೆ. ತಿರುಗಿ ನೋಡಿದೆ. ಹೊಲದ ತಲೆಯಲ್ಲಿ ಡೋಲ್ಮಾ ಬಗ್ಗಿ ಕಾಲುವೆಯ ಕಲ್ಲು ಸರಿಸುತ್ತಿದ್ದಳು. ನೀರು ಬಟಾಟಿ ಸಾಲುಗಳಿಗೆ ನುಗ್ಗಿ, ಒಂದೊಂದೇ ಸಾಲು ಬಿಸಿಲಿಗೆ ಹೊಳೆಯತೊಡಗಿತು. ಕಡೆಯ ಸಾಲೂ ತುಂಬಿದ ಮೇಲೆ ಅದು ಬದು ದಾಟಿ ದಾರಿಗೆ ಇಳಿಯಿತು. ಆಕೆ ನೀರಿಗೆ ಅಡ್ಡ ಕಟ್ಟಲಿಲ್ಲ, ಸಲಿಕೆಯ ಮೇಲೆ ಕೈ ಊರಿ ನೋಡುತ್ತ ನಿಂತಳು. ನೀರು ಜೀಪಿನ ಗಾಲಿಗಳ ನಡುವೆ ಹಾಯ್ದು, ನಮಗಿಂತ ಮೊದಲೇ ಕೆಳಗೆ ಹೋಯಿತು.