ತಡವಾಗಿ ಬೀಳುವ ಚಪ್ಪಾಳೆ

ನನ್ನ ಅತ್ತೆಗೆ ಕಿವಿ ಮಂದವಾಗಿ ಎರಡು ವರ್ಷವಾಯಿತು. ಕಿವಿಗೆ ಹಾಕಿಕೊಳ್ಳುವ ಮಷೀನು ಇದೆ, ಆದರೆ ಹಾಡುವಾಗ ಅದನ್ನು ತೆಗೆದು ಡಬ್ಬಿಯಲ್ಲಿ ಇಡುತ್ತಾರೆ. “ಒಳಗೆ ಕುಕ್ಕರ್ ಕೂಗಿದ ಹಾಗಾಗುತ್ತೆ ಕಣೆ” ಎನ್ನುತ್ತಾರೆ.

ಬನಶಂಕರಿ ಎರಡನೇ ಹಂತದಲ್ಲಿ, ನಮ್ಮ ಹಿಂದಿನ ರಸ್ತೆಯ ಮನೆಯೊಂದರ ಮಹಡಿಯಲ್ಲಿ, ಸೋಮವಾರ ಮಧ್ಯಾಹ್ನ ನಾವು ಹತ್ತು ಹನ್ನೆರಡು ಹೆಂಗಸರು ಸೇರಿ ವಚನ ಹಾಡುತ್ತೇವೆ. ಮೊದಲು ಅತ್ತೆ ಹೇಳುತ್ತಾರೆ, ಹಿಂದೆ ನಾವು. ಕಿವಿ ಕೇಳದವರು ತಾಳ ತಪ್ಪದೆ ಹೇಗೆ ಹಾಡುತ್ತಾರೆ ಎಂದು ಯಾರೂ ಯೋಚಿಸಿರಲಿಲ್ಲ. ನನಗೆ ಗೊತ್ತಿತ್ತು. ಅವರು ತಾಳಕ್ಕೆ ಚಪ್ಪಾಳೆ ತಟ್ಟುವ ನನ್ನ ಕೈ ನೋಡುತ್ತಿದ್ದರು. ಒಂದು ಸೋಮವಾರ ನಾನು ಪಕ್ಕಕ್ಕೆ ಕೂತಾಗ ಅವರ ಕಣ್ಣು ಸಾಲಿನುದ್ದಕ್ಕೂ ನನ್ನನ್ನು ಹುಡುಕಿದ್ದು ಕಂಡಿತು. ಮುಂದಿನ ವಾರದಿಂದ ಎದುರಿನ ಜಾಗ ನನ್ನದಾಯಿತು. ಈ ಬಗ್ಗೆ ನಾವಿಬ್ಬರೂ ಒಂದು ಮಾತೂ ಆಡಿರಲಿಲ್ಲ.

ಕಳೆದ ಅವರೆಕಾಯಿ ಕಾಲದಲ್ಲಿ ಮಗಳು ಒಂದು ಹಳೆಯ ರೆಕಾರ್ಡ್ ಪ್ಲೇಯರ್ ತಂದಳು. ಮರದ ಪೆಟ್ಟಿಗೆಯಂಥದ್ದು, ಮುಚ್ಚಳದ ಒಂದು ಮೂಲೆ ಸವೆದು ಬಣ್ಣ ಹೋಗಿದೆ. ಕಾಲೇಜು ಮುಗಿಸಿ ಕೆಲಸಕ್ಕೆ ಸೇರಿದವಳು, ಬಿಡುವಿದ್ದಾಗ ಜೆ.ಪಿ. ನಗರದ ಗೆಳತಿಯೊಬ್ಬಳ ಗ್ಯಾರೇಜಿನಲ್ಲಿ ಹಿಪ್‌ಹಾಪ್ ಕುಣಿಯುತ್ತಾಳೆ. ಅದರ ಬೇರು ಹುಡುಕುತ್ತಾ ಹುಡುಕುತ್ತಾ ಐವತ್ತು ಅರವತ್ತು ವರ್ಷ ಹಿಂದಿನ ಅಮೆರಿಕದ ಕಪ್ಪು ಜನರ ಸೋಲ್ ಹಾಡುಗಳಿಗೆ ಹೋಗಿದ್ದಳು. ಅವಳ ಉಡುಪೂ ಹಾಡಿನ ಹಿಂದೆ ಹೋಯಿತು. ಟ್ರಂಕಿನಲ್ಲಿದ್ದ ಮಾವನವರ ಅಗಲ ಕಾಲರಿನ ಶರ್ಟುಗಳು ಹೊರಬಂದವು. ತಿಲಕ್ ನಗರದ ಟೈಲರ್ ಹತ್ತಿರ ಬೆಲ್‌ಬಾಟಮ್ ಹೊಲಿಸಿಕೊಂಡು ಬಂದಳು.

ಅತ್ತೆ ಅವಳನ್ನು ಮೇಲಿಂದ ಕೆಳಗೆ ನೋಡಿದರು. “ನಿಮ್ಮ ತಾತನೂ ಹಿಂಗೇನೆ. ಬೀದಿ ಕಸಾನೆಲ್ಲ ಪ್ಯಾಂಟಲ್ಲೇ ಗುಡಿಸ್ಕೊಂಡು ಮನೆಗೆ ಬರೋರು.”

“ಅಜ್ಜಿ, ತಾತ ಸಖತ್ ಸ್ಟೈಲ್ ಬಿಡಿ!”

“ಸ್ಟೈಲಂತೆ. ಒಗೀತಿದ್ದೋಳು ನಾನು.”

ಸಂಜೆ ನಾನು ಸಾರಿಗೆ ಒಗ್ಗರಣೆ ಹಾಕುವಾಗ ಮಗಳು ಅಡುಗೆಮನೆ ಬಾಗಿಲಿಗೆ ಒರಗಿ ಪಾಠ ಹೇಳುತ್ತಿದ್ದಳು. ಹಾಡುವವರೆಲ್ಲ ಸುಮ್ಮನಾಗಿ ಡ್ರಮ್ ಒಂದೇ ಉಳಿಯುವ ಚಿಕ್ಕ ತುಂಡು ಇಂಥ ಎಷ್ಟೋ ಹಾಡುಗಳಲ್ಲಿ ಇರುತ್ತದಂತೆ. ಬಡವರ ಬೀದಿಯ ಹುಡುಗರು ಒಂದೇ ಹಾಡಿನ ಎರಡು ರೆಕಾರ್ಡು ಇಟ್ಟುಕೊಂಡು, ಆ ತುಂಡು ಇದರಲ್ಲಿ ಮುಗಿಯುತ್ತಲೇ ಅದರಲ್ಲಿ ಶುರುಮಾಡಿ, ಅಷ್ಟನ್ನೇ ಉದ್ದಕ್ಕೆ ಎಳೆದರಂತೆ. ಅದರ ಮೇಲೆ ಕುಣಿದರು, ಮಾತು ಪೋಣಿಸಿದರು. “ಹಿಪ್‌ಹಾಪ್ ಹುಟ್ಟಿದ್ದೇ ಹಂಗೆ ಅಮ್ಮ. ಹೊಸ ವಾದ್ಯ ಕೊಳ್ಳೋಕೆ ಆಗಲಿಲ್ಲ, ಅಪ್ಪ ಅಮ್ಮಂದಿರ ರೆಕಾರ್ಡೇ ವಾದ್ಯ ಆಯ್ತು.”

ನಾನು ಕೇಳಿಸಿಕೊಳ್ಳುತ್ತಿದ್ದೆ, ಆದರೆ ನನ್ನ ಕೈ ಬೇರೇನನ್ನೋ ಕೇಳಿಸಿಕೊಳ್ಳುತ್ತಿತ್ತು. ಕಾನ್ವೆಂಟಿನಲ್ಲಿ ನಮಗೆ ಹಾಡು ಕಲಿಸುತ್ತಿದ್ದ ವಯಸ್ಸಾದ ಸಿಸ್ಟರ್ ಒಬ್ಬರಿದ್ದರು. ಅವರ ಮೈಗೆ ಯಾವಾಗಲೂ ಗಂಜಿ ಹಾಕಿದ ಬಟ್ಟೆಯ ವಾಸನೆ. ಅಮೆರಿಕದ ಅದೇ ಕಪ್ಪು ಜನರ ಚರ್ಚಿನ ಹಾಡುಗಳನ್ನು ಅವರು ಎಲ್ಲಿಂದಲೋ ಕಲಿತು ಬಂದಿದ್ದರು. ನಾವೆಲ್ಲ ಮೊದಲ ಪೆಟ್ಟಿಗೇ ಚಪ್ಪಾಳೆ ತಟ್ಟಿಬಿಡುತ್ತಿದ್ದೆವು. ಸಿಸ್ಟರ್ ನಮ್ಮ ಮಣಿಕಟ್ಟು ಹಿಡಿದು ತಡೆಯುತ್ತಿದ್ದರು. ಒಂದಕ್ಕೆ ಕಾಲು, ಎರಡಕ್ಕೆ ಕೈ. ಕಾಯಬೇಕು, ಆಮೇಲೆ ತಟ್ಟಬೇಕು. ಮೂವತ್ತು ವರ್ಷ ಮರೆತಿದ್ದ ಆ ತಡೆ ಮಗಳ ರೆಕಾರ್ಡು ಸುತ್ತತೊಡಗಿದ ಒಂದೇ ವಾರದಲ್ಲಿ ಮಣಿಕಟ್ಟಿಗೆ ವಾಪಸು ಬಂದಿತ್ತು. ಪಾತ್ರೆ ಒರೆಸುವಾಗ, ಚಪಾತಿ ಲಟ್ಟಿಸುವಾಗ, ಎಲ್ಲ ಎರಡಕ್ಕೆ.

ಆ ಸೋಮವಾರ ಅತ್ತೆ ತಮ್ಮ ಇಷ್ಟದ ವಚನ ಎತ್ತಿಕೊಂಡರು. ಮೊದಲ ಸಾಲು ಸರಿಯಾಗಿಯೇ ಬಂತು. ಎರಡನೆಯ ಸಾಲಿಗೆ ಅವರ ಹುಬ್ಬು ಗಂಟಾಯಿತು. ನಿಧಾನ ಮಾಡಿದರು, ಕಾದರು, ಮತ್ತೆ ಹಿಡಿದರು, ಒಂದು ಪದ ನುಂಗಿಹೋಯಿತು. ಉಳಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನ್ನ ಕೈ ಎಲ್ಲರ ಕೈಗಿಂತ ಹಿಂದೆ ಬೀಳುತ್ತಿದೆ ಎಂದು ನನಗೆ ಅರಿವಾಗುವ ಹೊತ್ತಿಗೆ ಅತ್ತೆ ಹಾಡು ನಿಲ್ಲಿಸಿದ್ದರು.

ಮನೆಯೊಡತಿ ಮೆತ್ತಗಿನ ಮಾತಿನವರು. “ಪರವಾಗಿಲ್ಲ ಬಿಡೀಮ್ಮ, ವಯಸ್ಸಾಯ್ತಲ್ವಾ. ಮುಂದಿನ ವಾರದಿಂದ ನಾನು ಎತ್ತಿಕೊಡ್ತೀನಿ, ನೀವು ಆರಾಮಾಗಿ ಹಿಂದೆ ಹೇಳಿ” ಎಂದರು. ಅತ್ತೆಗೆ ಎಷ್ಟು ಕೇಳಿಸಿತೋ, ತಲೆಯಾಡಿಸಿದರು. ನಾನು ಅವರ ಮಷೀನಿನ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡೆ.

ಮನೆಗೆ ಬಂದು ಅತ್ತೆ ವಚನದ ಪುಸ್ತಕವನ್ನು ನನ್ನ ಕೈಗೆ ಕೊಟ್ಟರು. ಅದರ ಬೆನ್ನಿಗೆ ಮಾವನವರು ಹಾಕಿದ್ದ ಖಾಕಿ ರಟ್ಟು ಇನ್ನೂ ಇತ್ತು. “ಮೇಲಿನ ಕಪಾಟಲ್ಲಿ ಇಟ್ಬಿಡು. ಇನ್ನು ಆಗಲ್ಲ ನನ್ನ ಕೈಲಿ. ತಾಳಾನೇ ಬಿಟ್ಟುಹೋಯ್ತು.”

ಮೂರು ದಿನ ನಾನು ಆ ಕಪಾಟಿನ ಕೆಳಗೆ ಓಡಾಡಿದೆ. ಅತ್ತೆ ಹೂ ಕಟ್ಟುವಾಗ ಗುನುಗುತ್ತಿದ್ದವರು ಗುನುಗುವುದನ್ನೂ ಬಿಟ್ಟರು. ತಪ್ಪನ್ನು ಮೆಲ್ಲಗೆ ಒಪ್ಪಿಕೊಳ್ಳುವುದನ್ನು ಕಾನ್ವೆಂಟಿನಲ್ಲಿ ಚೆನ್ನಾಗಿ ಕಲಿಸಿದ್ದರು. ಕಿವಿ ಮಂದವಾದವರ ಮುಂದೆ ಅದು ನಡೆಯುವುದಿಲ್ಲ.

ಗುರುವಾರ ಊಟವಾದ ಮೇಲೆ ಊಟದ ಮೇಜಿನ ಮುಂದೆ ನೆನೆಸಿದ ಅವರೆಕಾಳು ಹಿತುಕುತ್ತಾ ಕೂತಿದ್ದೆವು. ಅತ್ತೆಯ ಮಷೀನು ಡಬ್ಬಿಯಲ್ಲಿತ್ತು.

“ಅತ್ತೆ, ಸೋಮವಾರ ತಪ್ಪು ನಂದು” ಎಂದೆ.

“ಉಪ್ಪಾ? ಡಬ್ಬಿ ತುಂಬ ಇದೆಯಲ್ಲೇ.”

“ತಪ್ಪು! ತಪ್ಪು ನಂದು! ನಾನೇ ಚಪ್ಪಾಳೆ ತಡವಾಗಿ ತಟ್ಟಿದ್ದು! ನಿಮ್ಮ ತಾಳ ಸರಿಯಾಗೇ ಇತ್ತು!”

ಪಕ್ಕದ ಮನೆಯ ಕಿಟಕಿಯಲ್ಲಿ ಪರದೆ ಅಲುಗಿತು. ಕೋಣೆಯಿಂದ ಮಗಳು ಓಡಿಬಂದಳು. ಅತ್ತೆ ಹಿತುಕಿದ ಕಾಳನ್ನು ಬಟ್ಟಲಿಗೆ ಹಾಕಿ, ಸಿಪ್ಪೆ ಬೇರೆ ಇಟ್ಟು, ಆಮೇಲೆ ನನ್ನನ್ನು ನೋಡಿದರು.

“ಅವತ್ತೇ ಹೇಳೋಕೆ ಏನಾಗಿತ್ತು ನಿಂಗೆ?”

ನಾನು ಇನ್ನೊಂದು ಕಾಳು ಹಿತುಕಿದೆ.

“ತಲೆನೂ ಹೋಯ್ತು ಅಂದ್ಕೊಂಡಿದ್ದೆ ಕಣೆ. ಕಿವಿ ಹೋದ್ಮೇಲೆ ತಲೆ.” ಸೆರಗಿನಿಂದ ಕೈ ಒರೆಸಿಕೊಂಡರು. ಸುಮಾರು ಹೊತ್ತು ಒರೆಸಿಕೊಂಡರು. “ನಿನ್ನ ಕೈ ಕೆಡಿಸಿದ್ದು ಯಾವ ಹಾಡು? ಹಾಕಿಸು, ನೋಡಾಣ.”

ಮಗಳು ರೆಕಾರ್ಡು ಹಾಕಿದಳು. ಅತ್ತೆ ಮಷೀನು ಹಾಕಿಕೊಳ್ಳಲಿಲ್ಲ. ಮರದ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು ನಿಂತರು. ಹಾಡು ಸಾಗಿ, ಡ್ರಮ್ ಒಂದೇ ಉಳಿಯುವ ತುಂಡು ಬಂದಾಗ ಅವರ ಮುಖ ಬದಲಾಯಿತು. ಇನ್ನೊಂದು ಕೈ ಮುಷ್ಟಿಯಾಗಿ ಗಾಳಿಯಲ್ಲಿ ಏರಿತು, ಇಳಿಯಿತು.

“ಇದು ಎರಡನೇ ಒನಕೆ!”

ಮಗಳು ಏನೆಂದು ಕೇಳಿದಳು. ತಿಪಟೂರಿನ ಕಡೆ ತಮ್ಮ ತವರಿನಲ್ಲಿ ಒಂದೇ ಒರಳಿಗೆ ಇಬ್ಬರು ಎದುರುಬದುರು ನಿಂತು ಭತ್ತ ಕುಟ್ಟುತ್ತಿದ್ದುದನ್ನು ಅತ್ತೆ ಹೇಳಿದರು. ಒಬ್ಬರ ಒನಕೆ ಎದ್ದಾಗ ಇನ್ನೊಬ್ಬರದು ಬೀಳಬೇಕು. “ಮೊದಲ್ನೇದು ನಮ್ಮಕ್ಕಂದು, ಎರಡ್ನೇದು ಯಾವಾಗ್ಲೂ ನಂದು, ಚಿಕ್ಕೋಳಲ್ವಾ. ಮೊದಲ್ನೇದು ಯಾರು ಬೇಕಾದ್ರೂ ಹಾಕಬೋದು. ಎರಡ್ನೇದಕ್ಕೆ ಎದುರಿನೋರನ್ನ ನೋಡ್ಕೊಂಡು ಕಾಯ್ಬೇಕು. ಅವಸರ ಬಿದ್ರೆ ಅವರ ಒನಕೆಗೆ ಹೊಡೀತೀವಿ.”

ಮಗಳು ಮುಳ್ಳನ್ನು ಎತ್ತಿ ಮತ್ತೆ ಅದೇ ತುಂಡಿಗೆ ಇಟ್ಟಳು. ಮತ್ತೆ, ಮತ್ತೆ. ಅಜ್ಜಿಯ ಮುಷ್ಟಿ ಒಂದು ಸಲವೂ ತಪ್ಪಲಿಲ್ಲ.

ನಾನು ಸ್ಟೂಲು ಹತ್ತಿ ಪುಸ್ತಕ ಇಳಿಸಿದೆ.

“ಇಲ್ಲಿ ಕಿರುಚಿದ್ರೆ ಸಾಲ್ದು, ಸೋಮವಾರ ಅಲ್ಲೂ ಇಷ್ಟೇ ಜೋರಾಗಿ ಹೇಳ್ಬೇಕು” ಎಂದರು ಅತ್ತೆ.

ಸೋಮವಾರ ಎಲ್ಲರೂ ಕೂತ ಮೇಲೆ ಎದ್ದು ನಿಂತು ಹೇಳಿದೆ. ತಪ್ಪು ನನ್ನದು, ನನ್ನ ಕೈ ನೋಡಿ ಅವರಿಗೆ ತಪ್ಪಿತು ಎಂದೆ. ಕೈ ನೋಡುವ ಗುಟ್ಟೂ ಹೊರಬಿತ್ತು. ಅತ್ತೆ ಅದಕ್ಕೆ ನಾಚಲಿಲ್ಲ. “ಕಿವಿ ಇಲ್ದಿದ್ರೆ ಕಣ್ಣು. ಏನೀಗ?” ಎಂದರು. ಮನೆಯೊಡತಿ ಕಿವಿಯವರೆಗೂ ಕೆಂಪಾಗಿ, “ಅಯ್ಯೋ, ನೀವೇ ಎತ್ತಿಕೊಡೀಮ್ಮ” ಎಂದು ಪುಸ್ತಕ ಇಡುವ ಮಣೆಯನ್ನು ಅವರತ್ತ ಸರಿಸಿದರು.

ನಾನು ಹಿಂದೆ ಹೋಗಿ ಕೂರಲು ಹೊರಟೆ. ಅತ್ತೆ ಬೆರಳಿನಿಂದಲೇ ತಡೆದು ಎದುರಿನ ಜಾಗ ತೋರಿಸಿದರು.

ಅದೇ ವಚನ. ಒಂದಕ್ಕೆ ಕೈ ತಟ್ಟಿದೆ, ಎಲ್ಲರ ಜೊತೆ, ಒಂದು ಸಲವೂ ಬಿಡದೆ. ಎರಡಕ್ಕೆ ಸೀರೆಯ ಒಳಗೆ ಕಾಲಿನ ಹೆಬ್ಬೆರಳು ಕುಟ್ಟುತ್ತಿತ್ತು. ಅದನ್ನು ನಿಲ್ಲಿಸುವುದು ನನ್ನಿಂದ ಆಗಲಿಲ್ಲ. ಸೀರೆಯಂಚು ಅಲುಗುವುದು ಅತ್ತೆಗೆ ಕಂಡಿತು. ಅವರು ಎರಡನೆಯ ಸಾಲಿಗೆ ಬಂದಿದ್ದರು. ಕಣ್ಣು ಒಮ್ಮೆ ನನ್ನ ಪಾದಕ್ಕೆ ಇಳಿದು ಮತ್ತೆ ಕೈಗೆ ಬಂತು. ಹೋದ ವಾರ ನುಂಗಿಹೋಗಿದ್ದ ಪದವನ್ನು ಪೂರ್ತಿ ಹೇಳಿ ಮುಂದಕ್ಕೆ ಹೋದರು.